ಎಷ್ಟು ಬಟನ್, ಯಾವ ಕೈಗೆ? ಆನ್‌ಲೈನ್ ರೋಲ್ ಪ್ಲೇಯಿಂಗ್ ಆಟಗಳ ಮೌಸ್ ಕುರಿತು ಓದುಗರ ಪ್ರಶ್ನೆಗಳು

ಆನ್‌ಲೈನ್ ರೋಲ್ ಪ್ಲೇಯಿಂಗ್ ಆಟಗಳಿಗೆ ಎಂಥ ಮೌಸ್ ಕೊಳ್ಳಬೇಕು ಎಂದು ಕೇಳಿ ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಒಂದಾಗಿಸಲಾಗಿದೆ.

ಪ್ರಶ್ನೆ: ನಾನು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದಲ್ಲಿ ತಂಡದವರನ್ನು ಗುಣಪಡಿಸುವ ಪ್ರೀಸ್ಟ್ ಪಾತ್ರ ವಹಿಸುತ್ತೇನೆ. ಈಗ ಇರುವುದು ಎರಡು ಬಟನ್ ಮತ್ತು ಒಂದು ಚಕ್ರವಿರುವ ಸಾದಾ ಮೌಸ್. ಅಂಗಡಿಯವರು 16,000 ಡಿಪಿಐ ಇರುವ ಮೌಸ್ ತೋರಿಸಿ ಇದೇ ಶ್ರೇಷ್ಠ ಎನ್ನುತ್ತಾರೆ. ಗೆಳೆಯರು ಪಕ್ಕದಲ್ಲಿ 12 ಬಟನ್ ಇರುವುದನ್ನೇ ತೆಗೆದುಕೋ ಎನ್ನುತ್ತಾರೆ. ನನ್ನ ಬಳಿ ಇರುವುದು ಮೂರು ಸಾವಿರ ರೂಪಾಯಿ. ಯಾರ ಮಾತು ಕೇಳಲಿ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಟಿಳಕವಾಡಿ, ಬೆಳಗಾವಿ

ಉತ್ತರ: ಈ ವಿಷಯದಲ್ಲಿ ಗೆಳೆಯರ ಮಾತೇ ಹೆಚ್ಚು ಸರಿ, ಆದರೆ ಅದಕ್ಕೂ ಒಂದು ಷರತ್ತು ಇದೆ.

ಮೊದಲು ಅಂಗಡಿಯವರ ಅಂಕಿಯನ್ನು ನೋಡೋಣ. ಮೌಸ್ ಒಂದು ಅಂಗುಲ ಸರಿದಾಗ ಅದು ಕಂಪ್ಯೂಟರಿಗೆ ಎಷ್ಟು ಹೆಜ್ಜೆಗಳ ಚಲನೆಯನ್ನು ತಿಳಿಸುತ್ತದೆ ಎಂಬುದೇ ಡಿಪಿಐ. ವಿಂಡೋಸ್‌ನ ವೇಗದ ಹೊಂದಾಣಿಕೆಯನ್ನು ಮುಟ್ಟದೆ ಲೆಕ್ಕ ಹಾಕಿದರೆ, 1920 ಪಿಕ್ಸೆಲ್ ಅಗಲದ ಪರದೆಯನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ದಾಟಲು 800 ಡಿಪಿಐನಲ್ಲಿ ಕೈ ಸುಮಾರು 6 ಸೆಂಟಿಮೀಟರ್ ಸರಿಯಬೇಕು. 16,000 ಡಿಪಿಐನಲ್ಲಿ 3 ಮಿಲಿಮೀಟರ್ ಸರಿದರೆ ಸಾಕು. ಮೂರು ಮಿಲಿಮೀಟರಿನೊಳಗೆ ಇಡೀ ಪರದೆ ಮುಗಿದುಹೋಗುವಾಗ ಗಾಯಗೊಂಡ ಜೊತೆಗಾರನ ಹೆಸರಿನ ಪಟ್ಟಿಯ ಮೇಲೆ ಪಾಯಿಂಟರ್ ನಿಲ್ಲಿಸುವುದು ಯಾರಿಂದಲೂ ಆಗದ ಕೆಲಸ. ಅಂಥ ಮೌಸ್ ಕೊಂಡವರೂ ಕೊನೆಗೆ ಅದನ್ನು 800ಕ್ಕೋ 1600ಕ್ಕೋ ಇಳಿಸಿಯೇ ಆಡುತ್ತಾರೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವ ಆ ಅಂಕಿಗೆ ನೀವು ಹೆಚ್ಚುವರಿ ಹಣ ಕೊಡಬೇಕಾಗಿಲ್ಲ.

ಗುಂಡು ಹಾರಿಸುವ ಆಟಗಳಲ್ಲಿ ಗುರಿ ಹಿಡಿಯುವುದೇ ಆಟವಾದ್ದರಿಂದ ಅಲ್ಲಿ ಸೆನ್ಸರಿನ ನಿಖರತೆಗೂ ಮೌಸಿನ ಹಗುರತನಕ್ಕೂ ಬೆಲೆ ಇದೆ. ನಿಮ್ಮ ಆಟದ ನಡೆ ಬೇರೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಒಂದು ಮಂತ್ರ ಪ್ರಯೋಗಿಸಿದ ಮೇಲೆ ಮುಂದಿನದಕ್ಕೆ ಸಾಮಾನ್ಯವಾಗಿ 1.5 ಸೆಕೆಂಡ್ ಕಾಯಬೇಕು. ಪಾತ್ರದ ಹೇಸ್ಟ್ ಎಂಬ ವೇಗದ ಗುಣ ಹೆಚ್ಚಿದಂತೆ ಈ ಅವಧಿ ಕುಗ್ಗಿದರೂ 0.75 ಸೆಕೆಂಡಿಗಿಂತ ಕೆಳಗೆ ಇಳಿಯುವುದಿಲ್ಲ. ಸೆಕೆಂಡಿಗೆ 125 ಬಾರಿ ವರದಿ ಮಾಡುವ ಸಾದಾ ಮೌಸಿಗೂ 1000 ಬಾರಿ ವರದಿ ಮಾಡುವ ಗೇಮಿಂಗ್ ಮೌಸಿಗೂ ಇರುವ ಅಂತರ 8 ಮಿಲಿಸೆಕೆಂಡ್ ಮತ್ತು 1 ಮಿಲಿಸೆಕೆಂಡಿನದು. ನಿಮ್ಮ ಆಜ್ಞೆ ಬೆಳಗಾವಿಯಿಂದ ಯುರೋಪಿನ ಸರ್ವರಿಗೆ ಹೋಗಿ ಮರಳಲು ನೂರಕ್ಕೂ ಹೆಚ್ಚು ಮಿಲಿಸೆಕೆಂಡ್ ಹಿಡಿಯುವಾಗ ಆ ಏಳು ಮಿಲಿಸೆಕೆಂಡಿನಿಂದ ತಂಡದವರ ಪ್ರಾಣ ಉಳಿಯುವುದೂ ಇಲ್ಲ, ಹೋಗುವುದೂ ಇಲ್ಲ. ಪ್ರಾಣ ಹೋಗುವುದು ಇಪ್ಪತ್ತಕ್ಕೂ ಹೆಚ್ಚು ಮಂತ್ರಗಳ ನಡುವೆ ಬೇಕಾದ ಕೀ ಯಾವುದೆಂದು ಎಡಗೈ ತಡಕಾಡುವ ಆ ಅರೆ ಸೆಕೆಂಡಿನಲ್ಲಿ.

ಪಕ್ಕದ ಬಟನ್‌ಗಳು ಕೆಲಸಕ್ಕೆ ಬರುವುದು ಇಲ್ಲಿಯೇ. ರೇಜರ್ ಕಂಪನಿ 2009ರಲ್ಲಿ ನಾಗಾ ಎಂಬ ಮೌಸ್ ತಂದಾಗ ಹೆಬ್ಬೆರಳಿನ ಕಡೆಗೆ 12 ಬಟನ್ ಇಟ್ಟಿತು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಪರದೆಯ ಮೇಲೆ ಮಂತ್ರಗಳನ್ನು ಜೋಡಿಸಿಡುವ ಮುಖ್ಯ ಪಟ್ಟಿಯಲ್ಲಿಯೂ 12 ಮನೆಗಳಿವೆ. ಕೀಬೋರ್ಡಿನ ಮೇಲ್ಸಾಲಿನಲ್ಲಿ 1ರಿಂದ ಸಮಚಿಹ್ನೆಯವರೆಗಿನ ಕೀಗಳೂ ಹನ್ನೆರಡೇ. ಮೇಲ್ಸಾಲಿನ ಆ ಕೆಲಸವನ್ನೆಲ್ಲ ಹೆಬ್ಬೆರಳು ವಹಿಸಿಕೊಂಡರೆ ಎಡಗೈ ನಡೆದಾಟಕ್ಕೆ ಬಿಡುವಾಗುತ್ತದೆ. ಜೊತೆಗೆ ಎಡಗೈಯಿಂದ ಶಿಫ್ಟ್, ಕಂಟ್ರೋಲ್, ಆಲ್ಟ್ ಒತ್ತಿ ಹಿಡಿದರೆ ಅದೇ ಹನ್ನೆರಡು ಬಟನ್ 48 ಆಜ್ಞೆಗಳಾಗುತ್ತವೆ, ಅಷ್ಟು ಯಾರಿಗೂ ಬೇಕಾಗುವುದಿಲ್ಲ ಎನ್ನುವುದು ಬೇರೆ ಮಾತು. ಗುಣಪಡಿಸುವ ಪಾತ್ರಕ್ಕಂತೂ ಇದರ ಲಾಭ ಇನ್ನೂ ಹೆಚ್ಚು. ಆಟದೊಳಗೇ ಇರುವ ಮೌಸ್‌ಓವರ್ ಕಾಸ್ಟ್ ಸೌಲಭ್ಯವನ್ನು ಚಾಲೂ ಮಾಡಿಕೊಂಡರೆ, ಪಾಯಿಂಟರ್ ಯಾರ ಹೆಸರಿನ ಮೇಲಿದೆಯೋ ಅವರ ಮೇಲೆಯೇ ಮಂತ್ರ ಬೀಳುತ್ತದೆ. ಆರಿಸುವುದು ತೋರುಬೆರಳಿನ ಕೆಲಸವಾಗಿ ಉಳಿಯದೆ, ಪಾಯಿಂಟರನ್ನು ಒಯ್ದು ಹೆಬ್ಬೆರಳು ಒತ್ತುವುದಷ್ಟೇ ಬಾಕಿಯಾಗುತ್ತದೆ.

ಇನ್ನು ಷರತ್ತು. ಸಾದಾ ಮೌಸನ್ನು ನಾವು ಹೆಬ್ಬೆರಳು ಮತ್ತು ಕಿರುಬೆರಳುಗಳ ನಡುವೆ ಅದುಮಿ ಎತ್ತುತ್ತೇವೆ. ಹೆಬ್ಬೆರಳಿನ ಕಡೆ ಇಡೀ ಬಟನ್‌ಗಳೇ ತುಂಬಿದ್ದರೆ ಹಾಗೆ ಅದುಮಿದೊಡನೆ ಬೇಡದ ಮಂತ್ರವೊಂದು ಹೊರಟುಬಿಡುತ್ತದೆ. ಆದ್ದರಿಂದಲೇ ಈ ಬಗೆಯ ಮೌಸ್‌ಗಳು ಅಗಲವಾಗಿದ್ದು, ಬಲಬದಿಯಲ್ಲಿ ಉಂಗುರ ಬೆರಳು ಕೂರಲು ಜಾಗ ಬಿಟ್ಟಿರುತ್ತವೆ. ಅಂಗೈ ಪೂರ್ತಿ ಊರಿ ಹಿಡಿಯುವವರಿಗೆ ಇವು ಒಪ್ಪುತ್ತವೆ, ಬೆರಳ ತುದಿಯಲ್ಲಿ ಹಿಡಿಯುವವರಿಗೆ ಒಪ್ಪುವುದು ಕಷ್ಟ. ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಯವರೆಗೆ ಅಳೆದುಕೊಳ್ಳಿ. ಅದು 17 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಮುಂದಿನ ಸಾಲಿನ ಬಟನ್‌ಗಳನ್ನು ಮುಟ್ಟಲು ಪ್ರತಿ ಸಲವೂ ಹಿಡಿತ ಸಡಿಲಿಸಬೇಕಾದೀತು. ಅಂಗಡಿಯಲ್ಲಿ ಡಬ್ಬಿ ಒಡೆದು ತೋರಿಸಲು ಒಪ್ಪದಿದ್ದರೆ, ಡಬ್ಬಿಯ ಮೇಲಿರುವ ಉದ್ದ, ಅಗಲ, ಎತ್ತರಗಳನ್ನು ಬರೆದುಕೊಂಡು ಬಂದು ಆ ಅಳತೆಗೆ ರಟ್ಟನ್ನು ಕತ್ತರಿಸಿ ಕೈ ಇಟ್ಟು ನೋಡಿ. ಇದರಿಂದ ಆಕಾರ ತಿಳಿಯದು, ಗಾತ್ರ ಮಾತ್ರ ಮೋಸ ಮಾಡದು.

ಈ ತೊಂದರೆಗೆ ಕಂಪನಿಗಳು ಬೇರೆ ಬೇರೆ ದಾರಿ ಹುಡುಕಿವೆ. ಕೋರ್ಸೇರ್‌ನ ಸಿಮಿಟಾರ್ ಮೌಸಿನಲ್ಲಿ 12 ಬಟನ್‌ಗಳ ಫಲಕವನ್ನೇ ಕೆಲವು ಮಿಲಿಮೀಟರ್ ಹಿಂದೆ ಮುಂದೆ ಸರಿಸಿ ಬಿಗಿ ಮಾಡಬಹುದು. ನಾಗಾ ಟ್ರಿನಿಟಿಯಲ್ಲಿ 2, 7 ಮತ್ತು 12 ಬಟನ್‌ಗಳ ಮೂರು ಫಲಕಗಳನ್ನು ಬದಲಿಸಿಕೊಳ್ಳಬಹುದು. ಲಾಜಿಟೆಕ್‌ನ ಜಿ600 ಎಂಬ ಹಳೆಯ ಮಾದರಿಯಲ್ಲಿ ಉಂಗುರ ಬೆರಳಿಗೆ ಮೂರನೆಯ ಮುಖ್ಯ ಬಟನ್ ಇದ್ದು, ಅದನ್ನು ಒತ್ತಿ ಹಿಡಿದರೆ 12 ಬಟನ್ 24 ಆಗುತ್ತವೆ. ಆ ಜಾಣತನ ನನಗೆ ಈಗಲೂ ಹಿಡಿಸುತ್ತದೆ. ಆದರೆ ಹೊಸ ಸರಕಾಗಿ ಇವು ನಿಮ್ಮ ಮೂರು ಸಾವಿರದೊಳಗೆ ದೊರೆಯುವುದನ್ನು ನೆಚ್ಚಬೇಡಿ. ಆ ಮೊತ್ತದ ಆಸುಪಾಸಿನಲ್ಲಿ ನೋಡಬಹುದಾದದ್ದು ರೆಡ್‌ಡ್ರ್ಯಾಗನ್‌ನ ಎಂ908: ತಂತಿ ಇರುವ, 12 ಪಕ್ಕದ ಬಟನ್‌ಗಳ ಮೌಸ್. ಅದರ ಸಾಫ್ಟ್‌ವೇರ್ ಒರಟು, ಬಟನ್‌ಗಳ ಸ್ಪರ್ಶ ದುಬಾರಿ ಮೌಸ್‌ಗಳಷ್ಟು ನಯವಲ್ಲ. ಆದರೂ ನಿಮ್ಮ ಹೆಬ್ಬೆರಳಿಗೆ ಈ ಪದ್ಧತಿ ಒಗ್ಗುತ್ತದೆಯೇ ಎಂದು ಅರಿಯಲು ಸಾಕು.

ಹಲವು ಆಟಗಾರರು ಒಟ್ಟಾಗಿ ಪ್ರಬಲ ಶತ್ರುಗಳನ್ನು ಎದುರಿಸುವ ರೇಡ್‌ಗಳಲ್ಲಿ ನಿಯಮಿತವಾಗಿ ಗುಣಪಡಿಸುವವರಿಗೆ 12 ಬಟನ್ ಒಳ್ಳೆಯದೆಂದೇ ನನ್ನ ಅಭಿಪ್ರಾಯ. ರಜೆಯ ದಿನ ಮಾತ್ರ ಆಡುವುದಾದರೆ ಐದು ಬಟನ್‌ಗಳ ಒಳ್ಳೆಯ ಮೌಸ್ ಸಾಕು; ಪಕ್ಕದ ಎರಡು ಬಟನ್‌ಗಳೇ ಶಿಫ್ಟ್, ಕಂಟ್ರೋಲ್, ಆಲ್ಟ್ ಸೇರಿ ಎಂಟು ಆಜ್ಞೆಗಳಾಗುತ್ತವೆ. ಗಿಲ್ಡ್ ವಾರ್ಸ್ 2 ಆಡುವವರಿಗೂ ಇದೇ ಮಾತು, ಏಕೆಂದರೆ ಅಲ್ಲಿನ ಮುಖ್ಯ ಪಟ್ಟಿಯಲ್ಲಿ ಇರುವುದೇ ಹತ್ತು ಕೌಶಲ: ಆಯುಧದ ಐದು, ಗುಣಪಡಿಸುವ ಒಂದು, ಉಪಯುಕ್ತ ಮೂರು, ಎಲೀಟ್ ಒಂದು. ಹನ್ನೆರಡರದ್ದನ್ನು ಕೊಂಡರೆ ಮೊದಲ ದಿನವೇ ಎಲ್ಲ ಬಟನ್‌ಗಳಿಗೂ ಮಂತ್ರ ಹಂಚಬೇಡಿ. ಹೆಬ್ಬೆರಳು ತಾನಾಗಿ ಕೂರುವ ನಡುವಿನ ನಾಲ್ಕಕ್ಕೆ ಹೆಚ್ಚು ಬಳಸುವ ನಾಲ್ಕು ಮಂತ್ರಗಳನ್ನು ಕೊಟ್ಟು, ನೋಡದೆ ಒತ್ತುವುದು ರೂಢಿಯಾದ ಮೇಲೆ ಉಳಿದವನ್ನು ಸೇರಿಸುತ್ತ ಹೋಗಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಕಂಪ್ಯೂಟರ್ ಇಟ್ಟಿರುವುದು ಇಳಕಲ್ಲಿನ ಕೆಂಪು ಗ್ರಾನೈಟ್ ಹಾಸಿದ ಕಟ್ಟೆಯ ಮೇಲೆ. ಹೊಸ ಗೇಮಿಂಗ್ ಮೌಸ್ ತಂದರೂ ಪಾಯಿಂಟರ್ ಅಲ್ಲಲ್ಲಿ ಜಿಗಿಯುತ್ತದೆ. ಮೌಸ್ ದೋಷವೇ?
— ನವನಗರ, ಬಾಗಲಕೋಟೆ

ಉತ್ತರ: ದೋಷ ಬಹುಪಾಲು ಕಲ್ಲಿನ ಹೊಳಪಿನದು. ಮೌಸಿನ ಅಡಿಯಲ್ಲಿರುವ ಪುಟ್ಟ ಕ್ಯಾಮೆರಾ ತನ್ನದೇ ಬೆಳಕಿನಲ್ಲಿ ಮೇಲ್ಮೈಯ ಚಿತ್ರಗಳನ್ನು ಸೆಕೆಂಡಿಗೆ ಸಾವಿರಾರು ಬಾರಿ ತೆಗೆದು, ಒಂದಕ್ಕೊಂದನ್ನು ಹೋಲಿಸಿ ಚಲನೆಯನ್ನು ಲೆಕ್ಕ ಹಾಕುತ್ತದೆ. ಅದಕ್ಕೆ ಬೇಕಾದದ್ದು ಕಣ್ಣಿಗೆ ಕಾಣದಷ್ಟು ಸಣ್ಣ ಒರಟುತನ ಮತ್ತು ಅದರ ನೆರಳು. ಕನ್ನಡಿಯಂತೆ ಪಾಲಿಶ್ ಮಾಡಿದ ಕಲ್ಲು ಬೆಳಕನ್ನು ಒಂದೇ ದಿಕ್ಕಿಗೆ ತಿರುಗಿಸಿಬಿಡುವುದರಿಂದ ಚಿತ್ರದಲ್ಲಿ ಹೋಲಿಸಲು ಗುರುತುಗಳು ಉಳಿಯುವುದಿಲ್ಲ. ಕೆಂಪು ಹರಳಿನಿಂದ ಕಪ್ಪು ಹರಳಿಗೆ ಹೋದಾಗ ಪ್ರತಿಫಲನವೂ ಬದಲಾಗುತ್ತದೆ. ಗಾಜಿನ ಮೇಲೂ ನಡೆಯುವ ಡಾರ್ಕ್‌ಫೀಲ್ಡ್ ಎಂಬ ತಂತ್ರವನ್ನು ಲಾಜಿಟೆಕ್ 2009ರಲ್ಲಿಯೇ ತಂದಿದ್ದರೂ ಅದು ಇರುವುದು ಕಚೇರಿ ಬಳಕೆಯ ಮೌಸ್‌ಗಳಲ್ಲಿ. ಮತ್ತೊಂದು ಮೌಸ್ ಕೊಳ್ಳುವ ಮೊದಲು ಅಂಚು ಹೊಲಿದ, ಸಾಕಷ್ಟು ದೊಡ್ಡದಾದ ಬಟ್ಟೆಯ ಪ್ಯಾಡ್ ಹಾಸಿ ನೋಡಿ. ಕಲ್ಲಿನ ಅಂಚು ಮಣಿಕಟ್ಟಿಗೆ ಒತ್ತುವುದೂ ಅದರಿಂದ ತಪ್ಪುತ್ತದೆ.

ಪ್ರಶ್ನೆ: ನಾನು ಎಡಗೈ ಬಳಸುವವಳು. 12 ಬಟನ್‌ಗಳ ಮೌಸ್‌ಗಳೆಲ್ಲ ಬಲಗೈಯವರಿಗಾಗಿಯೇ ಇವೆ. ಎರಡೂ ಕೈಗೆ ಹೊಂದುತ್ತದೆ ಎಂದು ಹೇಳಿದ ಮೌಸ್ ತರಿಸಿದೆ, ಪಕ್ಕದ ಬಟನ್‌ಗಳು ನನ್ನ ಕಿರುಬೆರಳಿನ ಕಡೆಗೆ ಬಂದವು. ನನಗೆ ದಾರಿ ಏನು?
— ಜಲನಗರ, ವಿಜಯಪುರ

ಉತ್ತರ: ನಿಮಗಾದದ್ದು ಬಹಳ ಜನರಿಗೆ ಆಗುವಂಥದ್ದು. ಮಾರಾಟಗಾರರು ಆಕಾರ ಸಮನಾಗಿದ್ದರೆ ಸಾಕು, ಎರಡೂ ಕೈಗೆ ಎಂದುಬಿಡುತ್ತಾರೆ. ಉದಾಹರಣೆಗೆ ಲಾಜಿಟೆಕ್‌ನ ಜಿ102 ಮತ್ತು ಜಿ304 ಎರಡೂ ಸಮಾಕಾರದವು, ಆದರೆ ಪಕ್ಕದ ಬಟನ್ ಇರುವುದು ಎಡಬದಿಗೆ ಮಾತ್ರ, ಅಂದರೆ ಬಲಗೈಯ ಹೆಬ್ಬೆರಳಿಗೆ. ಚಿತ್ರದಲ್ಲಿ ಬಲಬದಿಯನ್ನೂ ತೋರಿಸಿದ್ದಾರೆಯೇ ಎಂದು ನೋಡಿಯೇ ಕೊಳ್ಳಬೇಕು. ರೇಜರ್ 2020ರಲ್ಲಿ ನಾಗಾದ ಎಡಗೈ ಆವೃತ್ತಿಯನ್ನು ಹೊರತಂದಿತು. ಅದರಲ್ಲಿ 12 ಬಟನ್‌ಗಳೂ ಬಲಬದಿಗಿವೆ. ಬೆಲೆ ಹೆಚ್ಚು, ಸಿಗುವುದೂ ಅಪರೂಪ. ಎರಡೂ ಬದಿಗೆ ಬಟನ್ ಇರುವ ಮೌಸ್‌ಗಳಲ್ಲಿ ಲಾಜಿಟೆಕ್‌ನ 2018ರ ಜಿ ಪ್ರೊ ವೈರ್‌ಲೆಸ್ ಮತ್ತು ರೇಜರ್‌ನ 2019ರ ಮೊದಲ ವೈಪರ್ ಸೇರುತ್ತವೆ.

ಆದರೆ ನಿಮಗೆ 12 ಬಟನ್‌ಗಳ ಅಗತ್ಯವೇ ಕಡಿಮೆ ಎಂದು ನನಗನಿಸುತ್ತದೆ. ಮೌಸ್ ಎಡಗೈಯಲ್ಲಿರುವಾಗ ನಿಮ್ಮ ಬಲಗೈ ಪೂರ್ಣ ಗಾತ್ರದ ಕೀಬೋರ್ಡಿನ ಸಂಖ್ಯಾಫಲಕದ ಮೇಲೆ ಸಹಜವಾಗಿ ಕೂರುತ್ತದೆ. ಅಲ್ಲಿ ಒತ್ತೊತ್ತಾಗಿ 17 ಕೀಗಳಿವೆ. ನಡೆದಾಟವನ್ನು 8, 4, 5, 6ಕ್ಕೆ ಕೊಟ್ಟರೆ ಅದರ ಸುತ್ತಲಿನ ಕೀಗಳೆಲ್ಲ ಮಂತ್ರಗಳಿಗೆ ಒದಗುತ್ತವೆ. ಬಲಗೈಯವರು ಹಣ ಕೊಟ್ಟು ಮೌಸಿನ ಮೇಲೆ ಕೂಡಿಸಿಕೊಳ್ಳುವ ಫಲಕ ನಿಮ್ಮ ಮೇಜಿನ ಮೇಲೆ ಮೊದಲೇ ಇದೆ. ವಿಂಡೋಸ್‌ನಲ್ಲಿ ಮುಖ್ಯ ಬಟನ್ ಅದಲು ಬದಲು ಮಾಡಿದ್ದರೆ ಕೆಲವು ಆಟಗಳು ಅದನ್ನು ಗಣಿಸುವುದಿಲ್ಲ. ಆಗ ಆಟದ ಒಳಗಿನ ಕೀ ಹೊಂದಾಣಿಕೆಯಲ್ಲಿಯೂ ಬದಲಿಸಿಕೊಳ್ಳಿ.

ಪ್ರಶ್ನೆ: ಮೌಸ್ ಕೊಂಡು ವರ್ಷವಾಗುವಷ್ಟರಲ್ಲಿ ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದಂತೆ ಆಗುತ್ತಿದೆ. ಚಕ್ರವೂ ಹಿಂದಕ್ಕೆ ಮುಂದಕ್ಕೆ ಜಿಗಿಯುತ್ತದೆ. ಎರಿ ಭೂಮಿಯ ದೂಳು ಕಾರಣವೇ?
— ಮುಧೋಳ

ಉತ್ತರ: ಚಕ್ರದ ಮಟ್ಟಿಗೆ ದೂಳನ್ನು ಅನುಮಾನಿಸಬಹುದು. ಜೋಳದ ರಾಶಿಯ ಕಾಲದಲ್ಲಿ ಕಿಟಕಿ ತೆರೆದಿಟ್ಟರೆ ಅದು ಒಳಗೆ ಸೇರುವುದು ಸಹಜ. ವಾರಂಟಿ ಮುಗಿದಿದ್ದರೆ ಮೌಸ್ ಬಿಚ್ಚಿ ಮೆತ್ತನೆಯ ಕುಂಚದಿಂದ ಒರೆಸಿದರೆ ಹಲವು ಸಲ ಸರಿಯಾಗುತ್ತದೆ. ಬಟನ್ ಕಥೆ ಬೇರೆ. ಅದರ ಕೆಳಗಿನ ಸ್ವಿಚ್ಚಿನಲ್ಲಿ ತೆಳುವಾದ ಲೋಹದ ಎಸಳೊಂದು ಬಾಗಿ ಇನ್ನೊಂದು ಲೋಹವನ್ನು ಮುಟ್ಟುತ್ತದೆ. ಸವೆತದಿಂದಲೂ ಲೋಹದ ಮೇಲೆ ಕಟ್ಟುವ ಪೊರೆಯಿಂದಲೂ ಆ ಸ್ಪರ್ಶ ಅಸ್ಥಿರವಾದಾಗ ಒಂದು ಒತ್ತು ಎರಡಾಗಿ ದಾಖಲಾಗುತ್ತದೆ. ಡಬ್ಬಿಯ ಮೇಲೆ 2 ಕೋಟಿ, 5 ಕೋಟಿ ಒತ್ತುಗಳ ಬಾಳಿಕೆ ಎಂದು ಬರೆದಿದ್ದರೂ ಅದಕ್ಕೆ ಬಹಳ ಮೊದಲೇ ಹೀಗಾಗುವುದುಂಟು. ವಾರಂಟಿ ಮುಗಿದಿಲ್ಲವಾದರೆ ಮೌಸ್ ಬಿಚ್ಚದೆ, ಬಿಲ್ಲಿನೊಡನೆ ಹಿಂದಿರುಗಿಸಿ. ಮುಗಿದಿದ್ದರೆ, ಸಾಫ್ಟ್‌ವೇರಿನಲ್ಲಿ ಡಿಬೌನ್ಸ್ ಅವಧಿ, ಅಂದರೆ ಒಂದು ಒತ್ತಿನ ಬೆನ್ನಿಗೇ ಬರುವ ಇನ್ನೊಂದನ್ನು ಗಣಿಸದೆ ಬಿಡುವ ಅವಧಿಯನ್ನು ಹೆಚ್ಚಿಸುವ ಅವಕಾಶವಿದೆಯೇ ನೋಡಿ. ಇಲ್ಲವೇ ಮೊಬೈಲ್ ದುರಸ್ತಿ ಮಾಡುವವರಿಂದ ಅದೇ ಅಳತೆಯ ಮೂರು ಕಾಲಿನ ಸ್ವಿಚ್ ಬೆಸೆಸಿಕೊಳ್ಳಿ. ಅಲ್ಲಿಯವರೆಗೆ ಪಕ್ಕದ ಬಟನ್ ಒಂದಕ್ಕೆ ಎಡ ಕ್ಲಿಕ್ಕಿನ ಕೆಲಸ ವಹಿಸಿ ಆಟ ಮುಂದುವರಿಸಬಹುದು. ಮುಂದಿನ ಸಲ ಕೊಳ್ಳುವಾಗ ಆಪ್ಟಿಕಲ್ ಸ್ವಿಚ್ ಇರುವುದನ್ನು ಆರಿಸಿ. ಅದರಲ್ಲಿ ಒತ್ತನ್ನು ಗುರುತಿಸುವುದು ಬೆಳಕಿನ ಕಿರಣವಾದ್ದರಿಂದ ಲೋಹದ ಸ್ಪರ್ಶದ ಈ ಕಾಯಿಲೆ ಬರುವುದಿಲ್ಲ.

ಪ್ರಶ್ನೆ: ತಂತಿ ಇರುವುದೋ, ಇಲ್ಲದ್ದೋ?
— ಗೋಕಾಕ

ಉತ್ತರ: ಹಣ ಮಿತವಾಗಿದ್ದರೆ ತಂತಿ ಇರುವುದು, ಅದೇ ಬೆಲೆಗೆ ಒಳ್ಳೆಯ ಬಟನ್‌ಗಳು ಸಿಗುತ್ತವೆ. ತಂತಿ ಬೇಡವೆಂದರೆ ಬ್ಲೂಟೂತನ್ನು ನೆಚ್ಚದೆ 2.4 ಗಿಗಾಹರ್ಟ್ಸ್ ಡಾಂಗಲ್ ಇರುವುದನ್ನು ಕೊಳ್ಳಿ. ಡಾಂಗಲನ್ನು ಕಂಪ್ಯೂಟರಿನ ಹಿಂಬದಿಯ ಯುಎಸ್‌ಬಿ 3 ಕಿಂಡಿಗೆ ಸಿಕ್ಕಿಸಬೇಡಿ, ಆ ಕಿಂಡಿಗಳ ವಿದ್ಯುತ್ ಗದ್ದಲ ಇದೇ ತರಂಗಾಂತರಕ್ಕೆ ಅಡ್ಡಬರುತ್ತದೆ. ಎಕ್ಸ್‌ಟೆನ್ಶನ್ ವೈರ್ ಹಾಕಿ ಮೌಸಿನ ಹತ್ತಿರಕ್ಕೆ ತಂದುಕೊಳ್ಳಿ.

ಪ್ರಶ್ನೆ: ಮೌಸ್ ಸಾಫ್ಟ್‌ವೇರಿನಲ್ಲಿ ಮ್ಯಾಕ್ರೊ ದಾಖಲಿಸಿ, ಒಂದು ಬಟನ್ ಒತ್ತಿದರೆ ಐದು ಮಂತ್ರಗಳು ಒಂದರ ಹಿಂದೊಂದು ಹೋಗುವಂತೆ ಮಾಡಬಹುದೇ? ಖಾತೆ ನಿಷೇಧವಾಗುತ್ತದೆ ಎಂದು ಕೆಲವರು ಹೆದರಿಸುತ್ತಾರೆ.
— ಅಥಣಿ

ಉತ್ತರ: ಮಾಡಲು ಬರುತ್ತದೆ, ಮಾಡಬಾರದು. ಇಂಥ ಆಟಗಳಲ್ಲಿ ಸಾಮಾನ್ಯವಾಗಿರುವ ನಿಯಮ ಒಂದು ಒತ್ತಿಗೆ ಒಂದು ಕ್ರಿಯೆ ಎಂಬುದು. ಪಕ್ಕದ ಬಟನ್ ಒತ್ತಿದರೆ ಕೀಬೋರ್ಡಿನ 5 ಒತ್ತಿದಂತಾಗುವುದು ಬರೀ ಸ್ಥಳಾಂತರ, ಅದಕ್ಕೆ ಅಡ್ಡಿಯಿಲ್ಲ. ಸಮಯದ ಅಂತರ ಇಟ್ಟು ಸಾಫ್ಟ್‌ವೇರ್ ತಾನೇ ಐದು ಕೀ ಒತ್ತುತ್ತ ಹೋದರೆ ಅದು ಯಾಂತ್ರಿಕ ಆಟವೆನಿಸುತ್ತದೆ. ಖಾತೆಗೆ ಅಪಾಯವಿರುವುದು ಅಲ್ಲಿ. ಬ್ಲಿಜಾರ್ಡ್ ಕಂಪನಿ 2020ರ ನವೆಂಬರಿನಲ್ಲಿ, ಒಂದೇ ಒತ್ತನ್ನು ಹಲವು ಖಾತೆಗಳಿಗೆ ಏಕಕಾಲಕ್ಕೆ ಕಳಿಸುವ ಸಾಫ್ಟ್‌ವೇರುಗಳನ್ನೂ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ನಿಷೇಧಿಸಿತು. ನಿಮಗೆ ಬೇಕಾದದ್ದು ಬಟನ್‌ಗಳ ಉಳಿತಾಯವಾದರೆ ಆ ಆಟದೊಳಗಿನ ಮ್ಯಾಕ್ರೊ ಪುಟವನ್ನೇ ಬಳಸಿ. ಅಲ್ಲಿ ಮಂತ್ರಗಳನ್ನು ಸಾಲಾಗಿ ಜೋಡಿಸಲು ಕಾಸ್ಟ್‌ಸೀಕ್ವೆನ್ಸ್ ಎಂಬ ಆಜ್ಞೆ ಇದೆ. ಪ್ರತಿ ಒತ್ತಿಗೆ ಸಾಲಿನ ಒಂದು ಮಂತ್ರ ಮಾತ್ರ ಹೋಗುತ್ತದೆ, ಮುಂದಿನದಕ್ಕೆ ಹೆಬ್ಬೆರಳು ಮತ್ತೆ ಒತ್ತಲೇಬೇಕು.