ಹಳೇ ಮದರ್‌ಬೋರ್ಡ್ ಎನ್‌ವಿಎಂಇ ಎಸ್‌ಎಸ್‌ಡಿಯಿಂದ ಬೂಟ್ ಆಗುತ್ತಿಲ್ಲ, ಬಯಾಸ್ ಅಪ್‌ಡೇಟ್ ಮಾಡಬಹುದಾ?

ಮಾಡಬಹುದು. ಆದರೆ ನಿಮಗೆ ಅದು ಬೇಕೇ ಬೇಕಾ ಅಂತ ಮೊದಲು ನೋಡೋಣ.

ನೀವು ಹೇಳಿದ್ದು ಇಷ್ಟು: 2014ರ ಎಚ್97 ಬೋರ್ಡ್, 4ನೇ ಜನರೇಷನ್ ಐ5, ಈಗ ತಂದ 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ (ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಮೂಲಕ ಕೆಲಸ ಮಾಡುವ ವೇಗದ ಡ್ರೈವ್). ಅಡಾಪ್ಟರ್ ಕಾರ್ಡ್‌ಗೆ ಕೂರಿಸಿದ್ದೀರಿ. ವಿಂಡೋಸ್ 10 ಒಳಗೆ ಡ್ರೈವ್ ಕಾಣುತ್ತೆ, ಫೈಲ್ ಕಾಪಿ ಆಗುತ್ತೆ. ಬಯಾಸ್, ಅಂದರೆ ಪಿಸಿಯನ್ನು ಶುರು ಮಾಡುವ ಬೋರ್ಡ್‌ನದೇ ಸಾಫ್ಟ್‌ವೇರ್, ಅದರ ಬೂಟ್ ಪಟ್ಟಿಯಲ್ಲಿ ಮಾತ್ರ ಈ ಡ್ರೈವ್‌ನ ಹೆಸರೇ ಇಲ್ಲ. ಡ್ರೈವ್ ಕೆಟ್ಟಿರಬಹುದು, ವಾಪಸ್ ಕೊಡಲಾ ಅಂತ ಕೇಳಿದ್ದೀರಿ. ಕೊಡಬೇಡಿ. ವಿಂಡೋಸ್‌ನಲ್ಲಿ ಕೆಲಸ ಮಾಡುತ್ತಿದೆ ಅಂದ್ಮೇಲೆ ಡ್ರೈವ್ ಚೆನ್ನಾಗಿಯೇ ಇದೆ.

ಆಗುತ್ತಿರುವುದು ಇದು. ಪವರ್ ಬಟನ್ ಒತ್ತಿದ ತಕ್ಷಣ ವಿಂಡೋಸ್ ಇನ್ನೂ ಇರುವುದಿಲ್ಲ. ಆಗ ಕೆಲಸ ಮಾಡುವುದು ಬೋರ್ಡ್ ಮೇಲಿರುವ ಬಯಾಸ್ ಚಿಪ್ ಒಂದೇ. ಆ ಕಾಲದ ಬೋರ್ಡ್‌ಗಳಲ್ಲಿ ಅದು ಬರೀ 8 ಅಥವಾ 16 ಎಂಬಿ. ಕೀಬೋರ್ಡ್, ಸಾಟಾ ಡಿಸ್ಕ್ (ವೈರ್‌ನಲ್ಲಿ ಸಿಕ್ಕಿಸುವ ಹಳೇ ಮಾದರಿಯದು), ಪೆನ್‌ಡ್ರೈವ್ ಓದುವುದಕ್ಕೆ ಬೇಕಾದ ಪುಟ್ಟ ಡ್ರೈವರ್‌ಗಳೆಲ್ಲ ಅದರೊಳಗೇ ಇರಬೇಕು. ಎನ್‌ವಿಎಂಇ ಡ್ರೈವ್ ಸಾಟಾ ಡಿಸ್ಕ್‌ನ ಹಾಗೆ ಮಾತಾಡುವುದಿಲ್ಲ, ಅದಕ್ಕೆ ಬೇರೆಯದೇ ಡ್ರೈವರ್ ಬೇಕು. ನಿಮ್ಮ ಚಿಪ್‌ನಲ್ಲಿ ಅದು ಇಲ್ಲ. ವಿಂಡೋಸ್ ಒಮ್ಮೆ ಶುರುವಾದ ಮೇಲೆ ತನ್ನದೇ ಡ್ರೈವರ್ ಹಾಕಿಕೊಳ್ಳುತ್ತೆ, ಅದಕ್ಕೇ ಅಲ್ಲಿ ಕಾಣುತ್ತೆ. ವಿಂಡೋಸ್ 8.1ರಿಂದ ಈಚೆಗೆ ಈ ಡ್ರೈವರ್ ಜೊತೆಗೇ ಬರುತ್ತೆ.

ಹಾಗಾಗಿ ಫೋಟೋ, ವಿಡಿಯೋ, ಗೇಮ್ ಇಡುವುದಕ್ಕೆ ಮಾತ್ರ ಈ ಡ್ರೈವ್ ತಂದಿದ್ದರೆ ಬಯಾಸ್ ಮುಟ್ಟಲೇಬೇಡಿ. ಈಗಿರುವ ಹಾಗೇ ಬಳಸಿ. ವಿಂಡೋಸ್ ಕೂಡ ಇದರಲ್ಲೇ ಇರಬೇಕು ಅಂದರೆ ಮಾತ್ರ ಮುಂದೆ ಓದಿ.

ನಿಮ್ಮ ಅದೃಷ್ಟಕ್ಕೆ ಎಚ್97, ಝಡ್97 ಬೋರ್ಡ್‌ಗಳಲ್ಲಿ ಬಹಳಷ್ಟಕ್ಕೆ ಕಂಪನಿಗಳೇ ಆಮೇಲೆ ಎನ್‌ವಿಎಂಇ ಬೂಟ್ ಸೇರಿಸಿದ ಬಯಾಸ್ ಕೊಟ್ಟಿವೆ. ನಿಮ್ಮ ಮಾಡೆಲ್‌ನ ಸಪೋರ್ಟ್ ಪುಟದಲ್ಲಿ ಪ್ರತಿ ಬಯಾಸ್ ಕೆಳಗೂ ಏನು ಬದಲಾಗಿದೆ ಅಂತ ಒಂದೆರಡು ಸಾಲು ಇರುತ್ತೆ. ಅದರಲ್ಲಿ ಎನ್‌ವಿಎಂಇ ಅನ್ನುವ ಪದ ಹುಡುಕಿ. ಆ ಬಯಾಸ್ ಅಥವಾ ಅದಕ್ಕಿಂತ ಈಚಿನ ಯಾವುದಾದರೂ ಆಗುತ್ತೆ, ಬೀಟಾ (ಇನ್ನೂ ಪರೀಕ್ಷೆಯಲ್ಲಿರುವುದು) ಮಾತ್ರ ಬೇಡ.

ಜನ ಜಾಸ್ತಿ ಎಡವುವುದು ಇಲ್ಲಿ: ಮಾಡೆಲ್ ಹೆಸರು ಒಂದೇ ಇದ್ದರೂ ರಿವಿಷನ್ (ಬೋರ್ಡ್‌ನ ಆವೃತ್ತಿ) ಬೇರೆ ಇರಬಹುದು. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು, ಟಾರ್ಚ್ ಹಿಡಿದು ಬೋರ್ಡ್‌ನ ಮೂಲೆಗಳನ್ನು ನೋಡಿ. ಧೂಳು ಒರೆಸಿದರೆ ಬಿಳಿ ಅಕ್ಷರದಲ್ಲಿ ರೆವ್ 1.0, ರೆವ್ 1.1 ಅಂತ ಸಣ್ಣದಾಗಿ ಬರೆದಿರುತ್ತೆ. ಬಾಕ್ಸ್ ಮೇಲಿನದನ್ನು ನಂಬಬೇಡಿ, ಬೋರ್ಡ್ ಮೇಲಿನದನ್ನೇ ಓದಿ.

ಅಪ್‌ಡೇಟ್ ಮಾಡುವುದು ಐದು ನಿಮಿಷದ ಕೆಲಸ. ಪೆನ್‌ಡ್ರೈವ್ ಅನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಜಿಪ್ ಬಿಚ್ಚಿ ಒಳಗಿನ ಬಯಾಸ್ ಫೈಲ್ ಹಾಕಿ. ಬಯಾಸ್ ಒಳಗೆ ಹೋದರೆ ಏಸಸ್‌ನಲ್ಲಿ ಈಝಡ್ ಫ್ಲ್ಯಾಶ್, ಗಿಗಾಬೈಟ್‌ನಲ್ಲಿ ಕ್ಯೂ-ಫ್ಲ್ಯಾಶ್, ಎಂಎಸ್‌ಐನಲ್ಲಿ ಎಂ-ಫ್ಲ್ಯಾಶ್ ಇರುತ್ತೆ. ಅಲ್ಲಿಂದಲೇ ಮಾಡಿ. ವಿಂಡೋಸ್ ಒಳಗಿಂದ ಮಾಡುವ ಸಾಫ್ಟ್‌ವೇರ್ ಸಿಗುತ್ತೆ, ನಾನಂತೂ ಬಳಸುವುದಿಲ್ಲ. ನಡುವೆ ವಿಂಡೋಸ್ ಹ್ಯಾಂಗ್ ಆದರೆ ಚಿಪ್‌ಗೆ ಬರೆಯುವುದು ಅರ್ಧಕ್ಕೇ ನಿಲ್ಲುತ್ತೆ.

ಅರ್ಧಕ್ಕೆ ನಿಂತರೆ ಏನಾಗುತ್ತೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಒಂದು ಮಳೆಗಾಲದ ಸಂಜೆ, ಯುಪಿಎಸ್ ಇಲ್ಲದೆ, ಸುಮ್ನೆ ಬೇಗ ಮುಗಿಸೋಣ ಅಂತ ಕೂತೆ. ಪರದೆಯ ಪಟ್ಟಿ ಅರ್ಧ ದಾಟಿರಲಿಲ್ಲ, ಕರೆಂಟ್ ಹೋಯಿತು. ವಾಪಸ್ ಬಂದಾಗ ಫ್ಯಾನ್ ತಿರುಗಿತು, ಪರದೆ ಕಪ್ಪಾಗೇ ಉಳಿಯಿತು. ಅದು ಅಪ್ಪನ ಲೆಕ್ಕಪತ್ರ ಎಲ್ಲ ಇದ್ದ ಪಿಸಿ. ಆ ರಾತ್ರಿ ನಿದ್ದೆ ಬರಲಿಲ್ಲ. ಡೇಟಾಗೆ ಏನೂ ಆಗಿರಲಿಲ್ಲ, ಅದು ಡಿಸ್ಕ್‌ನಲ್ಲಿ ಹಾಗೇ ಇತ್ತು. ಆ ಬೋರ್ಡ್‌ನಲ್ಲಿ ಬಯಾಸ್ ಚಿಪ್ ಎಂಟು ಕಾಲಿನದು, ಸಾಕೆಟ್‌ನಲ್ಲಿ ಕೂತಿತ್ತು. ಮೆಲ್ಲಗೆ ಎಬ್ಬಿಸಿ, ಡಬ್ಬಿಯಲ್ಲಿಟ್ಟು ಬೆಂಗಳೂರಿನ ಎಸ್‌ಪಿ ರೋಡ್‌ಗೆ ಒಯ್ದೆ. ಅಲ್ಲಿನ ರಿಪೇರಿಯವರು ಪ್ರೋಗ್ರಾಮರ್‌ಗೆ (ಚಿಪ್‌ಗೆ ಬರೆಯುವ ಉಪಕರಣ) ಸಿಕ್ಕಿಸಿ ಹೊಸದಾಗಿ ಬರೆದುಕೊಟ್ಟರು. ಚಿಪ್ ಬೋರ್ಡ್‌ಗೇ ಬೆಸುಗೆಯಾಗಿದ್ದರೆ ಕೆಲಸ ಇಷ್ಟು ಸುಲಭ ಇರುತ್ತಿರಲಿಲ್ಲ. ದಯವಿಟ್ಟು ಯುಪಿಎಸ್ ಇಲ್ಲದೆ ಮಾಡಬೇಡಿ. ನಿಮ್ಮಲ್ಲಿ ಇಲ್ಲದಿದ್ದರೆ ಇರುವ ಗೆಳೆಯರ ಮನೆಗೆ ಪಿಸಿ ಒಯ್ದು ಮಾಡಿ.

ಶುರು ಮಾಡುವ ಮುಂಚೆ ಬಯಾಸ್‌ನ ಒಂದೊಂದು ಪುಟವನ್ನೂ ಫೋನ್‌ನಲ್ಲಿ ಫೋಟೋ ತೆಗೆದಿಡಿ. ಅಪ್‌ಡೇಟ್ ಆದಮೇಲೆ ಸೆಟ್ಟಿಂಗ್ ಎಲ್ಲ ಮೊದಲಿನ ಸ್ಥಿತಿಗೆ ಹೋಗುತ್ತೆ. ಸಾಟಾ ಮೋಡ್ ಮೊದಲು ಇದ್ದದ್ದೇ ಇದೆಯಾ ನೋಡಿ, ಅದು ಬದಲಾದರೆ ಹಳೇ ವಿಂಡೋಸ್ ನೀಲಿ ಪರದೆ ತೋರಿಸುತ್ತೆ. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಲಾಕ್) ಹಾಕಿದ್ದರೆ ಮೊದಲೇ ಸಸ್ಪೆಂಡ್ ಮಾಡಿ, ರಿಕವರಿ ಕೀ ಬರೆದಿಟ್ಟುಕೊಳ್ಳಿ.

ಇಷ್ಟಾದರೂ ಡ್ರೈವ್ ಬೂಟ್ ಆಗದಿದ್ದರೆ ಗಾಬರಿ ಬೇಡ. ಎನ್‌ವಿಎಂಇ ಬೂಟ್‌ಗೆ ಯುಇಎಫ್‌ಐ ಅನ್ನುವ ಹೊಸ ಬೂಟ್ ವಿಧಾನವೇ ಬೇಕು, ಡಿಸ್ಕ್ ಜಿಪಿಟಿ (ಡಿಸ್ಕ್ ಭಾಗ ಮಾಡುವ ಹೊಸ ಪದ್ಧತಿ) ಆಗಿರಬೇಕು. ಹಳೇ ವಿಂಡೋಸ್ ಎಂಬಿಆರ್ (ಹಳೇ ಪದ್ಧತಿ) ಡಿಸ್ಕ್‌ನಲ್ಲಿದ್ದು, ಅದನ್ನೇ ಕ್ಲೋನ್ ಮಾಡಿದ್ದರೆ, ಅಂದರೆ ಇದ್ದ ಹಾಗೇ ನಕಲು ಮಾಡಿದ್ದರೆ, ಅದು ಏಳುವುದಿಲ್ಲ. ನನ್ನ ಸಲಹೆ ಕೇಳಿದರೆ ಹೊಸದಾಗಿಯೇ ಇನ್‌ಸ್ಟಾಲ್ ಮಾಡಿ. ಬಯಾಸ್‌ನಲ್ಲಿ ಸಿಎಸ್ಎಂ (ಹಳೇ ಬೂಟ್ ವಿಧಾನಕ್ಕೆ ಅವಕಾಶ ಕೊಡುವ ಸೆಟ್ಟಿಂಗ್) ಆಫ್ ಮಾಡಿ, ಉಳಿದ ಡಿಸ್ಕ್‌ಗಳ ಸಾಟಾ ವೈರ್ ಕಿತ್ತಿಟ್ಟು ಇನ್‌ಸ್ಟಾಲ್ ಮಾಡಿ. ವೈರ್ ಇದ್ದರೆ ವಿಂಡೋಸ್ ಕೆಲವು ಸಲ ಬೂಟ್ ಫೈಲ್‌ಗಳನ್ನು ಹಳೇ ಡಿಸ್ಕ್‌ನಲ್ಲೇ ಇಡುತ್ತೆ. ಮುಂದೊಂದು ದಿನ ಆ ಡಿಸ್ಕ್ ತೆಗೆದರೆ ಪಿಸಿ ಏಳುವುದೇ ಇಲ್ಲ.

ಇನ್ನು ವೇಗ. ಅಡಾಪ್ಟರ್ ಯಾವ ಸ್ಲಾಟ್‌ನಲ್ಲಿದೆ? ಎಚ್97 ಚಿಪ್‌ಸೆಟ್‌ನಿಂದ ಬರುವ ಸ್ಲಾಟ್‌ಗಳೆಲ್ಲ ಪಿಸಿಐ ಎಕ್ಸ್‌ಪ್ರೆಸ್ 2.0. ಬೋರ್ಡ್‌ನಲ್ಲೇ ಎಂ.2 ಸ್ಲಾಟ್ (ಅಡಾಪ್ಟರ್ ಇಲ್ಲದೆ ಡ್ರೈವ್ ಕೂರಿಸುವ ಜಾಗ) ಇದ್ದರೂ ಸಾಮಾನ್ಯವಾಗಿ ಅದು 10 ಜಿಬಿಪಿಎಸ್, ಅಂದರೆ ಸೆಕೆಂಡಿಗೆ 1 ಜಿಬಿಯೂ ಸಿಗುವುದಿಲ್ಲ. ಮೇಲಿನ ಉದ್ದನೆಯ ಸ್ಲಾಟ್ ನೇರ ಪ್ರೊಸೆಸರ್‌ಗೆ ಸೇರಿದ್ದು, 3.0. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಅಡಾಪ್ಟರ್ ಅಲ್ಲಿಗೆ ಹಾಕಿ, ಸೆಕೆಂಡಿಗೆ 3 ಜಿಬಿ ದಾಟಬಹುದು.

ಒಂದು ವೇಳೆ ನಿಮ್ಮ ಮಾಡೆಲ್‌ಗೆ ಎನ್‌ವಿಎಂಇ ಬಯಾಸ್ ಬಂದೇ ಇಲ್ಲ ಅನ್ನಿ. ಬಯಾಸ್ ಫೈಲ್ ಬಿಚ್ಚಿ ಡ್ರೈವರ್ ತುರುಕುವವರಿದ್ದಾರೆ, ಅದು ಕೆಲಸವನ್ನೂ ಮಾಡುತ್ತೆ. ಆದರೆ ಕೈಯಲ್ಲಿ ಪ್ರೋಗ್ರಾಮರ್ ಇಲ್ಲದವರಿಗೆ ನಾನು ಅದನ್ನು ಹೇಳುವುದಿಲ್ಲ. ಚಿಕ್ಕ ಸಾಟಾ ಎಸ್‌ಎಸ್‌ಡಿಯಲ್ಲಿ ವಿಂಡೋಸ್, ಎನ್‌ವಿಎಂಇಯಲ್ಲಿ ಉಳಿದದ್ದು, ಹಾಗೆ ಮಾಡಿಕೊಳ್ಳಿ. ದಿನದ ಕೆಲಸದಲ್ಲಿ ನಿಮಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ.

ಬೋರ್ಡ್‌ನ ಮಾಡೆಲ್, ರಿವಿಷನ್, ಈಗಿರುವ ಬಯಾಸ್ ನಂಬರ್ ಮೂರನ್ನೂ ಕೆಳಗೆ ಬರೆಯಿರಿ. ಯಾವ ಫೈಲ್ ಅಂತ ಒಟ್ಟಿಗೆ ನೋಡೋಣ, ಆಮೇಲೆ ಫ್ಲ್ಯಾಶ್ ಮಾಡಿ.