ಎರಡು ಮೇಜರ್ ತಗೊಳ್ಳಲಾ? ಮೊದಲು ಒಂಬತ್ತನೇ ಸೆಮಿಸ್ಟರಿನ ಲೆಕ್ಕ ಹಾಕಿ

ಪ್ರಶ್ನೆ: ಮೇಡಂ, ನಮಸ್ತೆ. ನಾನು ಮೈಸೂರಿನ ಹುಡುಗ. ಬಾಸ್ಟನ್ನಿನ ಬರ್ಕ್ಲಿ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಎರಡನೇ ಸೆಮಿಸ್ಟರ್. ನನ್ನ ವಾದ್ಯ ಪಿಟೀಲು, ಎಂಟನೇ ವಯಸ್ಸಿಂದ ಕರ್ನಾಟಕ ಶೈಲಿ ಕಲಿತಿದ್ದೇನೆ, ಸೀನಿಯರ್ ಪರೀಕ್ಷೆ ಆಗಿದೆ. ಈಗ ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯ, ಆರಿಸಬೇಕು. ಸಿನಿಮಾಕ್ಕೆ ಸಂಗೀತ ಮಾಡುವ ಆಸೆ, ಹಾಗಾಗಿ ಫಿಲ್ಮ್ ಸ್ಕೋರಿಂಗ್ ಅಂತೂ ಖಾತ್ರಿ. ಆದರೆ ಮ್ಯೂಸಿಕ್ ಪ್ರೊಡಕ್ಷನ್ ಅಂಡ್ ಎಂಜಿನಿಯರಿಂಗ್, ಅಂದರೆ ಸ್ಟುಡಿಯೋದಲ್ಲಿ ರೆಕಾರ್ಡಿಂಗ್, ಮಿಕ್ಸಿಂಗ್ ಮಾಡುವ ಕೆಲಸ, ಅದೂ ಬೇಕು ಅನಿಸುತ್ತಿದೆ. ಅಪ್ಪ, "ಎರಡೂ ತಗೋ, ಒಂದು ಕೈಕೊಟ್ಟರೆ ಇನ್ನೊಂದು ಇರುತ್ತೆ" ಅನ್ನುತ್ತಾರೆ. ಅಮ್ಮ ಫೋನ್ ಮಾಡಿದಾಗಲೆಲ್ಲ ಬ್ಯಾಂಕ್ ಸಾಲದ ಬಡ್ಡಿ ನೆನಪಿಸುತ್ತಾರೆ. ನನ್ನ ರೂಮ್‌ಮೇಟ್ ಎರಡು ಮೇಜರ್ ಮಾಡುತ್ತಿದ್ದಾನೆ, ಅವನು ಮಲಗಿದ್ದನ್ನು ನಾನಂತೂ ನೋಡಿಲ್ಲ. ಏನು ಮಾಡಲಿ?

ಉತ್ತರ: ರೂಮ್‌ಮೇಟಿನ ನಿದ್ದೆ ವಿಷಯ ಬರೆದಿದ್ದೀರಲ್ಲ, ಅರ್ಧ ಉತ್ತರ ಅಲ್ಲೇ ಇದೆ.

ಮೊದಲು ಅಪ್ಪನ ಮಾತು ತಗೊಳ್ಳೋಣ. ಅವರು ಬಹುಶಃ ಎರಡು ಡಿಗ್ರಿ ಬರುತ್ತೆ ಅಂದುಕೊಂಡಿದ್ದಾರೆ. ಬರಲ್ಲ. ಡಬಲ್ ಮೇಜರ್ ಅಂದರೆ ಡಿಗ್ರಿ ಒಂದೇ, ಅದರೊಳಗೆ ವಿಷಯ ಎರಡು. ಎರಡು ಡಿಗ್ರಿ ಕೊಡುವ ವ್ಯವಸ್ಥೆ ಬೇರೆಯೇ ಇದೆ. ಓಹಾಯೋದ ಓಬರ್ಲಿನ್‌ನಲ್ಲಿ ಐದು ವರ್ಷ ಓದಿದರೆ ಸಂಗೀತದ್ದೊಂದು, ಬಿಎ ಒಂದು ಸಿಗುತ್ತದೆ. ನಿಮ್ಮ ಬಾಸ್ಟನ್ ಆಸುಪಾಸಿನಲ್ಲೇ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿ ಮತ್ತು ಟಫ್ಟ್ಸ್ ವಿಶ್ವವಿದ್ಯಾಲಯ ಸೇರಿ ಹಾಗೆ ಐದು ವರ್ಷದ್ದು ನಡೆಸುತ್ತವೆ. ಅಲ್ಲಿ ಒಂದು ಕೈಕೊಟ್ಟರೆ ಇನ್ನೊಂದು ಅನ್ನುವ ಮಾತಿಗೆ ಸ್ವಲ್ಪ ಅರ್ಥ ಇದೆ, ಯಾಕೆಂದರೆ ಎರಡನೆಯದು ಬಯಾಲಜಿಯೋ ಎಕನಾಮಿಕ್ಸೋ ಆಗಿರಬಹುದು. ಸ್ಕೋರಿಂಗು, ಎಂಜಿನಿಯರಿಂಗು ಎರಡೂ ಒಂದೇ ಬೀದಿಯ ಅಂಗಡಿಗಳು. ಬೀದಿಗೆ ಗಿರಾಕಿ ಬರದಿದ್ದರೆ ಎರಡಕ್ಕೂ ವ್ಯಾಪಾರ ಇಲ್ಲ.

ಈಗ ಅಮ್ಮನ ಮಾತು. ಅಮ್ಮ ಸರಿಯಾಗಿಯೇ ಹೇಳುತ್ತಿದ್ದಾರೆ. ಮಾಮೂಲಿ ಎಂಟು ಸೆಮಿಸ್ಟರಿನ ಓದಿಗೆ ಎರಡನೇ ಮೇಜರ್ ಸೇರಿದರೆ ಒಂದು, ಕೆಲವರಿಗೆ ಎರಡು ಸೆಮಿಸ್ಟರ್ ಜಾಸ್ತಿ ಆಗುತ್ತದೆ. ಅಲ್ಲಿನ ಬೋಧನಾ ಶುಲ್ಕ ವರ್ಷಕ್ಕೆ 50 ಸಾವಿರ ಡಾಲರಿನ ಆಸುಪಾಸು, ಅಂದರೆ ಆ ಒಂಬತ್ತನೇ ಸೆಮಿಸ್ಟರಿಗೆ ಬರೀ ಫೀಸೇ 20 ಲಕ್ಷ ರೂಪಾಯಿ ದಾಟುತ್ತದೆ. ಬಾಸ್ಟನ್ ಬಾಡಿಗೆ ಬೇರೆ. ಸ್ಕಾಲರ್‌ಶಿಪ್ ಇದ್ದರೆ ಆ ಪತ್ರವನ್ನು ಇವತ್ತೇ ತೆಗೆದು ಎಷ್ಟು ಸೆಮಿಸ್ಟರಿಗೆ ಅಂತ ಬರೆದಿದ್ದಾರೆ ನೋಡಿ. ಎಂಟು ಅಂತಿದ್ದರೆ ಒಂಬತ್ತನೆಯದು ಪೂರ್ತಿ ನಿಮ್ಮ ಜೇಬಿಂದ. ವಾರಕ್ಕೆ 20 ಗಂಟೆ ಕ್ಯಾಂಪಸ್ಸಿನಲ್ಲಿ ದುಡಿದು ಇದನ್ನು ತುಂಬಿಸುತ್ತೇನೆ ಅಂತ ಮಾತ್ರ ಅಂದುಕೊಳ್ಳಬೇಡಿ. ಓದು ನಡೆಯುವಾಗ ಎಫ್-1, ಅಂದರೆ ವಿದ್ಯಾರ್ಥಿ ವೀಸಾದವರಿಗೆ ಅದಕ್ಕಿಂತ ಜಾಸ್ತಿ ಬಿಡಲ್ಲ, ಆ ಸಂಬಳ ಊಟಕ್ಕೂ ಟ್ರೈನಿಗೂ ಆದರೆ ಪುಣ್ಯ.

ವೀಸಾ ಅಂದಮೇಲೆ ಒಂದು ಮಾತು. ಎರಡು ಮೇಜರ್ ಇದ್ದರೆ ಓದಿದ ಮೇಲೆ ಕೆಲಸ ಮಾಡುವ ಅನುಮತಿ, ಅದೇ ಓಪಿಟಿ, ಎರಡರಷ್ಟು ಸಿಗುತ್ತೆ ಅಂತ ಕೆಲವರು ನಂಬಿದ್ದಾರೆ. ಇಲ್ಲ. ಪದವಿಯ ಒಂದು ಹಂತಕ್ಕೆ 12 ತಿಂಗಳು, ಅಷ್ಟೇ. ಎರಡರಲ್ಲಿ ಯಾವ ವಿಷಯಕ್ಕೆ ಸಂಬಂಧಪಟ್ಟ ಕೆಲಸವಾದರೂ ಮಾಡಬಹುದು ಅನ್ನೋದೊಂದೇ ಲಾಭ. ಇನ್ನೂ 24 ತಿಂಗಳು ಮುಂದುವರಿಸಬೇಕು ಅಂದರೆ ನಿಮ್ಮ ಮೇಜರಿನ ಕೋಡ್ ಅಲ್ಲಿನ ಸರ್ಕಾರದ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿ ಇರಬೇಕು. ಎಂಜಿನಿಯರಿಂಗ್ ಅನ್ನೋ ಹೆಸರು ನೋಡಿ ಮೋಸ ಹೋಗಬೇಡಿ, ವಿದೇಶಿ ವಿದ್ಯಾರ್ಥಿಗಳ ಆಫೀಸಿಗೆ ಹೋಗಿ ಕೋಡ್ ಕೇಳಿ. ಓದು ಉದ್ದ ಆದರೆ ವೀಸಾಕ್ಕೆ ಕಾಲೇಜು ಕೊಟ್ಟ ಐ-20 ಪತ್ರದಲ್ಲಿರುವ ತಾರೀಕು ಮುಗಿಯುವ ಮೊದಲೇ ವಿಸ್ತರಣೆ ಕೇಳಬೇಕು ಅನ್ನೋದನ್ನೂ ಅಲ್ಲೇ ವಿಚಾರಿಸಿ.

ಇಷ್ಟೆಲ್ಲ ಹೇಳಿ ನನ್ನ ಕಥೆ ಹೇಳದಿದ್ದರೆ ಅನ್ಯಾಯ. ನಾನೂ ಹೊರದೇಶದಲ್ಲಿ ಎರಡು ಮೇಜರ್ ತಗೊಂಡವಳು. ಕಾಲೇಜಿನ ಹೆಸರು ಬೇಡ. ಗಾಯನ ಒಂದು, ಧ್ವನಿಮುದ್ರಣ ಒಂದು. ಐದನೇ ಸೆಮಿಸ್ಟರ್ ತನಕ ಎಲ್ಲ ಚೆನ್ನಾಗಿತ್ತು. ಆಮೇಲೆ ನೋಡಿದರೆ ಒಂದು ಕೋರ್ಸ್ ವರ್ಷಕ್ಕೊಂದೇ ಸಲ ನಡೆಯುತ್ತೆ, ಅದು ಆಗದೆ ಮುಂದಿನದು ಕೊಡಲ್ಲ, ಅದರ ಹೊತ್ತಿಗೇ ನನ್ನ ಇನ್ನೊಂದು ಮೇಜರಿನ ಕಡ್ಡಾಯ ಕ್ಲಾಸು. ಸಲಹೆಗಾರರು ತಲೆ ಆಡಿಸಿದರು, ಟೈಮ್‌ಟೇಬಲ್ ಅಲುಗಾಡಲಿಲ್ಲ. ಆರನೇ ಸೆಮಿಸ್ಟರಿನಲ್ಲಿ ಒಂದನ್ನು ಬಿಟ್ಟೆ. ಬಿಟ್ಟಿದ್ದಕ್ಕೆ ಬೇಜಾರಿಲ್ಲ. ಆದರೆ ಆ ಎರಡೂವರೆ ವರ್ಷದಲ್ಲಿ ಬೆಳಗ್ಗೆ ಕೂತು ಅರ್ಧ ಗಂಟೆ ನೆಮ್ಮದಿಯಾಗಿ ಸಾಧನೆ ಮಾಡಿದ ದಿನ ಬೆರಳಲ್ಲಿ ಎಣಿಸಬಹುದು, ಹೊಟ್ಟೆ ಉರಿಯೋದು ಅದಕ್ಕೆ. ಅದಕ್ಕೇ ಹೇಳೋದು, ಎರಡೂ ಮೇಜರಿನ ಕೋರ್ಸುಗಳನ್ನು ಕೊನೇ ಸೆಮಿಸ್ಟರಿಂದ ಹಿಂದಕ್ಕೆ ಬರೆಯುತ್ತಾ ಬನ್ನಿ, ಯಾವುದಕ್ಕೆ ಮುಂಚೆ ಯಾವುದು ಆಗಿರಬೇಕು, ಯಾವುದು ಯಾವಾಗ ಮಾತ್ರ ನಡೆಯುತ್ತೆ, ಎಲ್ಲ ಒಂದೇ ಹಾಳೆಯಲ್ಲಿ. ಸುಮ್ನೆ ಮನಸ್ಸಿನಲ್ಲೇ ಲೆಕ್ಕ ಹಾಕಿದರೆ ಎಲ್ಲವೂ ಹೊಂದಿಕೊಳ್ಳುತ್ತೆ, ಹಾಳೆ ಮೇಲೆ ಹೊಂದಲ್ಲ.

ಇನ್ನೊಂದು ವಿಷಯ. ನಿಮ್ಮ ಕಾಲೇಜಿನಲ್ಲಿ ಪ್ರೊಡಕ್ಷನ್ ಮೇಜರಿಗೆ ಬರೀ ಹೆಸರು ಕೊಟ್ಟರೆ ಆಗಲ್ಲ, ಪ್ರತ್ಯೇಕ ಅರ್ಜಿ ಹಾಕಬೇಕು, ಸೀಟು ಕಡಿಮೆ. ನೀವು ಬೇಕು ಅಂದರೂ ಅವರು ಬೇಡ ಅನ್ನಬಹುದು.

ಸರಿ, ನಾನಾಗಿದ್ದರೆ? ಫಿಲ್ಮ್ ಸ್ಕೋರಿಂಗ್ ಒಂದನ್ನೇ ತಗೊಳ್ಳುತ್ತಿದ್ದೆ. ಪ್ರೊಡಕ್ಷನ್ ಬೇಡ ಅಂತಲ್ಲ. ಇವತ್ತು ರೀ-ರೆಕಾರ್ಡಿಂಗ್, ಅಂದರೆ ಹಿನ್ನೆಲೆ ಸಂಗೀತ ಮಾಡುವವನಿಗೆ ಅದು ಬೇಕೇ ಬೇಕು. ನಮ್ಮ ಗಾಂಧಿನಗರದ ಸಣ್ಣ ಬಜೆಟ್ಟಿನಲ್ಲಿ ಸಂಗೀತ ನಿರ್ದೇಶಕನೇ ಟ್ರ್ಯಾಕ್ ಬರೆದು, ನುಡಿಸಿ, ಎಡಿಟ್ ಮಾಡಿ, ಮಿಕ್ಸಿಂಗಿಗೆ ಸಿದ್ಧ ಮಾಡಿ ಕೊಡಬೇಕಾಗುತ್ತದೆ. ರೆಕಾರ್ಡಿಂಗಿನ ಸಾಫ್ಟ್‌ವೇರ್ ಪ್ರೋ ಟೂಲ್ಸ್ ಬರಲ್ಲ ಅಂದರೆ ನಗುತ್ತಾರೆ. ಆದರೆ ಅಲ್ಲಿ ಯಾರೂ ಮಾರ್ಕ್ಸ್ ಕಾರ್ಡ್ ಕೇಳಲ್ಲ. ಬರುತ್ತಾ ಇಲ್ವಾ, ಅಷ್ಟೇ ನೋಡೋದು. ಆ ಕೆಲಸ ಕಲಿಯೋಕೆ ನಿಮಗೊಂದು ಒಳದಾರಿ ಇದೆ, ಕೈಯಲ್ಲೇ ಇದೆ, ಪಿಟೀಲು. ಎಂಜಿನಿಯರಿಂಗ್ ಹುಡುಗರಿಗೆ ಪ್ರಾಜೆಕ್ಟಿಗೆ ನುಡಿಸುವವರು ಯಾವಾಗಲೂ ಬೇಕು. ಸ್ಟುಡಿಯೋ ಸ್ಲಾಟ್ ಎಷ್ಟೋ ಸಲ ಅಪರಾತ್ರಿ ಸಿಕ್ಕಿರುತ್ತದೆ, ಆ ಹೊತ್ತಿಗೆ ಯಾರು ಬರುತ್ತಾರೆ? ನೀವು ಹೋಗಿ. ಗಮಕ ಹಿಡಿದು ನುಡಿಸುವ ಪಿಟೀಲು ಆ ಊರಲ್ಲಿ ಬೀದಿಗೊಂದು ಸಿಗಲ್ಲ. ನುಡಿಸಿ ಆದಮೇಲೆ ಎದ್ದು ಬರಬೇಡಿ, ಕನ್ಸೋಲ್ ಪಕ್ಕ ಕೂತು ಮೈಕ್ ಎಲ್ಲಿಟ್ಟರು, ಯಾಕೆ ಸರಿಸಿದರು ಅಂತ ಕೇಳಿ. ಒಂದು ಸೆಮಿಸ್ಟರ್ ಹೀಗೆ ಕೂತರೆ ಕ್ಲಾಸಿನ ಎಷ್ಟೋ ಪಾಠ ಫೀಸಿಲ್ಲದೆ ಬರುತ್ತೆ. ಬಾಕಿಗೆ ಐಚ್ಛಿಕ ಕೋರ್ಸುಗಳಿವೆ, ಹೊಂದುವಂಥ ಮೈನರ್ (ಕಡಿಮೆ ಕೋರ್ಸುಗಳ ಉಪವಿಷಯ) ಇದ್ದರೆ ಅದೂ ಆದೀತು.

ಸ್ಕೋರಿಂಗ್‌ನಲ್ಲಿ ಇದು ನಡೆಯಲ್ಲ. ದೃಶ್ಯಕ್ಕೆ ಬರೆದದ್ದನ್ನು ಮೇಳ ಎದುರಿಗೆ ಕೂತು ನುಡಿಸೋದು, ವಿಯೋಲಾಗೆ ಬರೆದ ಸಾಲು ಹಿತ್ತಾಳೆ ವಾದ್ಯದ ಸದ್ದಿನಲ್ಲಿ ಮುಳುಗಿಹೋಯಿತು ಅಂತ ಕಿವಿಯಾರೆ ಕೇಳಿ ಮತ್ತೆ ಬರೆಯೋದು, ಇದಕ್ಕೆ ಕಾಲೇಜೇ ಬೇಕು. ಮೈಸೂರಿಗೆ ವಾಪಸ್ ಬಂದಮೇಲೆ ಅಷ್ಟು ಜನರನ್ನು ಎಲ್ಲಿಂದ ಕರೆಸುತ್ತೀರಿ? ಮೇಲಾಗಿ ನಮ್ಮ ಪದ್ಧತಿಯಿಂದ ಹೋದವರಿಗೆ ಕಿವಿ ತಯಾರಿರುತ್ತೆ. ಅಲ್ಲಿ ಸ್ವರ ಹೇಳಿಸುವಾಗಿನ ಮೊದಲ ಸ್ವರ, ಚರ 'ಡೋ' ಕೂಡ ನಮ್ಮ ಷಡ್ಜದ ಹಾಗೇ, ಎಲ್ಲಿಟ್ಟರೆ ಅಲ್ಲೇ. ಕಷ್ಟ ಕೊಡೋದು ಹಾರ್ಮನಿ, ಅಂದರೆ ಹಲವು ಸ್ವರ ಒಟ್ಟಿಗೆ ಕೂಡಿಸೋದು, ಮತ್ತೆ ಐದು ಗೆರೆಯ ಮೇಲೆ ಬರೆದ ಸ್ಟಾಫ್ ನೊಟೇಶನ್ನನ್ನು ನೋಡಿದ ಕೂಡಲೇ ಓದೋದು. ಉಳಿಸಿದ ಹೊತ್ತನ್ನು ಅಲ್ಲಿ ಹಾಕಿ.

ಎರಡೂ ಮಾಡಲೇಬಾರದಾ? ಹಾಳೆ ಮೇಲೆ ಕೋರ್ಸುಗಳು ಹೊಂದಿ, ಒಂಬತ್ತನೇ ಸೆಮಿಸ್ಟರಿನ ದುಡ್ಡು ಹೊಸ ಸಾಲ ಇಲ್ಲದೆ ಸಿಗುವುದಾದರೆ, ದಿನಕ್ಕೆ ಎರಡು ಗಂಟೆ ಪಿಟೀಲಿಗೆ ಉಳಿಯುವುದಾದರೆ, ಧಾರಾಳವಾಗಿ ಮಾಡಿ. ಮೂರರಲ್ಲಿ ಒಂದು ತಪ್ಪಿದರೂ ನನ್ನ ಮತ ಬೇಡ ಅಂತ.

ಅಪ್ಪನಿಗೆ ರಾಜೀವ ತಾರಾನಾಥರ ವಿಷಯ ಹೇಳಿ. ಮೈಸೂರಿನವರಲ್ವಾ, ಗೊತ್ತಿರುತ್ತೆ. ಇಂಗ್ಲಿಷ್ ಸಾಹಿತ್ಯದಲ್ಲಿ ಡಾಕ್ಟರೇಟ್ ಮಾಡಿ ಮೇಷ್ಟ್ರಾಗಿದ್ದವರು, ಅಲಿ ಅಕ್ಬರ್ ಖಾನರ ಶಿಷ್ಯರಾಗಿ ಸರೋದ್ ಕಲಿತರು, 1970ರ 'ಸಂಸ್ಕಾರ' ಚಿತ್ರಕ್ಕೆ ಸಂಗೀತ ಕೊಟ್ಟರು, ಕೊನೆಗೆ ಮೇಷ್ಟ್ರ ಕೆಲಸ ಬಿಟ್ಟು ಸರೋದನ್ನೇ ಹಿಡಿದರು. 1995ರಿಂದ 2005ರವರೆಗೆ ಅಮೆರಿಕದ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ದಿ ಆರ್ಟ್ಸ್‌ನಲ್ಲಿ ನಮ್ಮ ಸಂಗೀತ ಕಲಿಸಿದರು. ಅಷ್ಟೆಲ್ಲ ಆಯಿತು, ಆದರೆ ನಾಲ್ಕು ವರ್ಷದಲ್ಲಲ್ಲ.

ಪ್ರಶ್ನೆ: ನಾನು ಧಾರವಾಡದವಳು. ಹಿಂದೂಸ್ತಾನಿ ಗಾಯನದಲ್ಲಿ ಬಿಮ್ಯೂಸ್ ಸೇರಬೇಕು. ಮನೆಯಲ್ಲಿ ಬಿಕಾಂ ಬಿಡಬೇಡ ಅಂತಾರ. ಎರಡೂ ಕೂಡಿ ಮಾಡಾಕ ಬರ್ತದೇನ್ರಿ?

ಉತ್ತರ: ಬರ್ತದ. ಒಂದೇ ಹೊತ್ತಿಗೆ ಎರಡು ಡಿಗ್ರಿ ಓದಬಹುದು ಅಂತ ಯುಜಿಸಿ 2022ರಲ್ಲಿ ಒಪ್ಪಿದೆ. ಎರಡನ್ನೂ ಕಾಲೇಜಿಗೆ ಹೋಗಿಯೇ ಓದುವುದಾದರೆ ಕ್ಲಾಸಿನ ಹೊತ್ತು ಒಂದರ ಮೇಲೊಂದು ಬೀಳಬಾರದು. ನಿಮಗೆ ಸಲೀಸು ಅಂದರೆ ಸಂಗೀತವನ್ನು ಕಾಲೇಜಿಗೆ ಹೋಗಿ ಕಲಿತು ಬಿಕಾಂ ಅನ್ನು ದೂರಶಿಕ್ಷಣದಲ್ಲಿ ಮಾಡೋದು. ತಿರುಗುಮುರುಗು ಮಾಡಬೇಡಿ, ಬ್ಯಾಲೆನ್ಸ್ ಶೀಟ್ ಪುಸ್ತಕ ನೋಡಿ ಕಲಿಯಬಹುದು, ಖಯಾಲ್ ಆಗಲ್ಲ. ಆ ದೂರಶಿಕ್ಷಣದ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯಾ ಅಂತ ಫೀ ಕಟ್ಟುವ ಮೊದಲೇ ನೋಡಿ. ಎರಡೂ ಕಡೆ ಪರೀಕ್ಷೆ ಒಂದೇ ದಿನ ಬಿದ್ದರೆ ಏನು ಮಾಡ್ತಾರೆ ಅಂತ ಆಫೀಸಿನಲ್ಲಿ ಬಾಯಿಮಾತಲ್ಲಿ ಅಲ್ಲ, ಬರೆದು ಕೇಳಿ. ಮತ್ತೆ, ನಿಮಗಿಂತ ಮುಂಚೆ ಓದಿದ ಅಕ್ಕಂದಿರು ಹೇಳುವ ನಾಲ್ಕು ವರ್ಷದ ಡಿಗ್ರಿ, ಡಬಲ್ ಮೇಜರ್ ಲೆಕ್ಕ ಹಿಡಿಯಬೇಡಿ. ಅದು 2021ರಲ್ಲಿ ಬಂದ ಪದ್ಧತಿ. 2024–25ರಿಂದ ನಮ್ಮ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಡಿಗ್ರಿ ಆಗಿದೆ, ಈ ವರ್ಷದ ಪ್ರಾಸ್ಪೆಕ್ಟಸ್ ತಗೊಂಡೇ ನೋಡಿ.