ಮಗ್ಗಕ್ಕೂ ಕಂಪ್ಯೂಟರ್‌ಗೂ ಎಲ್ಲಿಯ ನೆಂಟಸ್ತನ?

ಪ್ರಶ್ನೆ: ಮೊನ್ನೆ ಹೆಗ್ಗೋಡು ಹತ್ರ ಭೀಮನಕೋಣೆಗೆ ಹೋಗಿ ಚರಕ ಸಹಕಾರ ಸಂಘದವರ ಕೈಮಗ್ಗ ನೋಡ್ಕೊಂಡು ಬಂದ್ವಿ. ಬಸ್ಸಲ್ಲಿ ಬರ್ತಾ ಇಂಜಿನಿಯರಿಂಗ್ ಓದೋ ಮಗ, ಕಂಪ್ಯೂಟರ್ ಹುಟ್ಟಿದ್ದೇ ಮಗ್ಗದಿಂದ ಅಪ್ಪಾ ಅಂದ. ಬುರುಡೆ ಬಿಡ್ತಿದಾನಾ ಸಾರ್?
— ಓದುಗರೊಬ್ಬರು, ಸಾಗರ

ಉತ್ತರ: ಮುಕ್ಕಾಲು ಸರಿ, ಕಾಲು ಬುರುಡೆ. ಅವ್ನು ಹೇಳಿದ್ದು ಜಕಾರ್ಡ್ ಮಗ್ಗದ ಕತೆ. ಸೆರಗಲ್ಲಿ ನವಿಲು ಮೂಡ್ಬೇಕಂದ್ರೆ ಪ್ರತಿ ಹೊಕ್ಕಿಗೂ (ಅಡ್ಡ ಎಳೆಗೂ) ಹಾಸಿನ (ಉದ್ದದ) ಯಾವ ಎಳೆ ಮೇಲೆ ಯಾವ್ದು ಕೆಳಗೆ ಅಂತ ಗೊತ್ತಾಗ್ಬೇಕು, ಹಿಂದೆ ಇದಕ್ಕೇ ಅಂತ ಒಬ್ಬ ಹುಡುಗ ಕೂತು ದಿನವಿಡೀ ದಾರ ಎಳೀತಿದ್ದ, ಪಾಪ. ಫ್ರಾನ್ಸಿನ ಲಿಯಾನ್‌ನಲ್ಲಿ 1725ರಲ್ಲಿ ಬೂಶೋನ್ ಅನ್ನೋನು ತೂತಿನ ಕಾಗದ ಇಟ್ಟು ಶುರು ಮಾಡಿದ್ದನ್ನ 1804ರ ಹೊತ್ತಿಗೆ ಜಕಾರ್ಡ್ ಅನ್ನೋನು ಒಂದು ಹದಕ್ಕೆ ತಂದ. ರಟ್ಟಿನ ಕಾರ್ಡುಗಳನ್ನ ಮಾಲೆ ತರ ಹೊಲಿದು ಮಗ್ಗದ ನೆತ್ತಿಗೆ ನೇತು ಹಾಕೋದು, ಲಾಳಿ ಒಂದ್ಸಲ ಓಡಿದ್ರೆ ಒಂದು ಕಾರ್ಡು, ಅದು ಬಂದು ಸೂಜಿಗಳ ಸಾಲಿಗೆ ಒತ್ತುತ್ತೆ, ತೂತಿದ್ದ ಕಡೆ ಸೂಜಿ ಒಳಗೆ ತೂರಿ ಅದರ ಕೊಕ್ಕೆ ಎಳೆ ಎತ್ತುತ್ತೆ, ತೂತಿಲ್ದಿದ್ರೆ ಸೂಜಿ ಹಿಂದೆ ಸರಿದು ಎಳೆ ಅಲ್ಲೇ ಉಳಿಯುತ್ತೆ. ಒಂದು ಕಾರ್ಡು ಹಿಂದುಮುಂದಾದ್ರೆ ನವಿಲಿನ ಮೈಮೇಲೆ ಒಂದು ಗೆರೆ ತಪ್ಪು. ನಿಮ್ಮ ಮಗ ಕಂಪ್ಯೂಟರಲ್ಲಿ ಬಗ್ ಅನ್ನೋದು ಇಂಥ ತಪ್ಪಿಗೇ.

ನಿಜವಾದ ಚಮತ್ಕಾರ ತೂತಲ್ಲಿಲ್ಲ. ಚಕ್ಕುಲಿ ಒರಳಲ್ಲಿ ಬಿಲ್ಲೆ ಬದಲಾಯಿಸಿದ್ರೆ ಖಾರಾ ಸೇವೆ ಬರುತ್ತಲ್ಲ, ಒರಳು ಅದೇ! ಹಂಗೇ ಮಗ್ಗ ಅದೇ, ಕಾರ್ಡಿನ ಕಟ್ಟು ಬದಲಾಯಿಸಿದ್ರೆ ನವಿಲು ಹೋಗಿ ಮಾವಿನಕಾಯಿ. ಇದು ಲಂಡನ್ನಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್‌ಗೆ ಹಿಡಿಸ್ತು, ಸುಮಾರು 24,000 ಕಾರ್ಡಿನಿಂದ ರೇಷ್ಮೆಯಲ್ಲಿ ನೇಯ್ದ ಜಕಾರ್ಡ್‌ನ ಚಿತ್ರವನ್ನ ಮನೇಲಿ ಇಟ್ಕೊಂಡಿದ್ದ ಪುಣ್ಯಾತ್ಮ. ತನ್ನ ಲೆಕ್ಕದ ಯಂತ್ರ ಅನಲಿಟಿಕಲ್ ಇಂಜಿನ್‌ಗೂ ಕಾರ್ಡೇ ಯೋಚಿಸ್ದ, ಯಾವ ಲೆಕ್ಕ ಅನ್ನೋಕೆ ಒಂದು ಕಟ್ಟು, ಯಾವ ಸಂಖ್ಯೆ ಅನ್ನೋಕೆ ಇನ್ನೊಂದು. ಮಗ್ಗ ಹೂವು ಎಲೆ ನೇಯ್ದ ಹಾಗೆ ಈ ಯಂತ್ರ ಬೀಜಗಣಿತ ನೇಯುತ್ತೆ ಅನ್ನೋ ಅರ್ಥದಲ್ಲಿ ಗಣಿತ ಬಲ್ಲ ಏಡಾ ಲವ್‌ಲೇಸ್ 1843ರಲ್ಲಿ ಬರೆದ್ಲು.

ಕಾಲು ಬುರುಡೆ ಯಾಕಂದ್ರೆ ಮಗ್ಗ ಯಾವತ್ತೂ ಲೆಕ್ಕ ಮಾಡಿಲ್ಲ, ಕಾರ್ಡು ಬಂದ ಹಾಗೆ ನೇಯೋದಷ್ಟೇ. ಬಂದ ಉತ್ತರ ನೋಡಿ ಕಾರ್ಡನ್ನ ವಾಪಸ್ ತಿರುಗಿಸೋ ಐಡಿಯಾ ಬ್ಯಾಬೇಜ್‌ದು, ಅವನ ಯಂತ್ರನೂ ಪೂರ್ತಿ ಆಗ್ಲೇ ಇಲ್ಲ. ಹಾಗಾಗಿ ಹೆತ್ತ ತಾಯಿ ಅಲ್ಲ, ಸೋದರತ್ತೆ ಅನ್ನಿ ಬೇಕಾದ್ರೆ.

ಕೊನೆಗೆ ಕಾರ್ಡು ದುಡಿದದ್ದು 1890ರ ಅಮೆರಿಕದ ಜನಗಣತಿಯಲ್ಲಿ, ಹಾಲರಿತ್ ಅನ್ನೋನ ಎಣಿಕೆ ಯಂತ್ರದಿಂದ. ಅವನ ಕಂಪನಿನೇ ಬೇರೆಯವರ ಜೊತೆ ಸೇರಿ ಮುಂದೆ ಕಂಪ್ಯೂಟರ್ ಕಂಪನಿ ಐಬಿಎಂ ಆಗಿದ್ದು. ಆದ್ರೆ ಅವನು ಹೇಳ್ಕೊಂಡಿದ್ದು ರೈಲಲ್ಲಿ ಕಂಡಕ್ಟರ್ ಟಿಕೆಟ್‌ಗೆ ತೂತು ಹೊಡೆಯೋದು ನೋಡಿ ಹೊಳೀತು ಅಂತ, ಅಲ್ಲಿಗೆ ನಮ್ಮ ತಾಳಗುಪ್ಪ ರೈಲಿನ ಟಿಸಿ ಬಳಗಕ್ಕೂ ಒಂಚೂರು ಪಾಲು ಕೊಡ್ಬೇಕಾಗುತ್ತೆ.